ವಿಮಾನ ಲೇಟಾದರೆ ದುಡ್ಡು ಬರುತ್ತಾ?

ಯುರೋಪಿನಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು, ಅಲ್ಲೇ ಕೆಲಸದಲ್ಲಿರುವವರು ಕಳಿಸಿದ ಪತ್ರಗಳಲ್ಲಿ ಈ ಸಲ ಒಂದೇ ದೂರು ಜಾಸ್ತಿ. ಒಂದೆರಡು ಗಂಟೆಯ ಸಣ್ಣ ಪ್ರಯಾಣ, ಆದರೆ ವಿಮಾನ ನಿಲ್ದಾಣದಲ್ಲೇ ಅರ್ಧ ದಿನ. ಏರ್‌ಲೈನ್ ಕೌಂಟರಿನ ಆಚೆ ಬದಿಯಲ್ಲಿ ವರ್ಷಗಟ್ಟಲೆ ಕೂತಿದ್ದವಳು ನಾನು. ಪ್ರಯಾಣಿಕರ ಸಿಟ್ಟೂ ಗೊತ್ತು, ಕಂಪನಿಗಳ ಸಿದ್ಧ ಉತ್ತರಗಳೂ ಗೊತ್ತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ.

ಪ್ರಶ್ನೆ: ಮೇಡಂ, ಮಗಳ ಮನೆಗೆಂದು ಫ್ರಾಂಕ್‌ಫರ್ಟ್‌ಗೆ ಹೋಗಿದ್ದೆವು. ಅಲ್ಲಿಂದ ನಾನು ಮತ್ತು ಯಜಮಾನರು ರೋಮ್‌ಗೆ ಹೋಗುವಾಗ ವಿಮಾನ 3 ಗಂಟೆ 20 ನಿಮಿಷ ಲೇಟಾಗಿ ತಲುಪಿತು. ಟಿಕೆಟ್ ತಲಾ 60 ಯೂರೊ ಅಷ್ಟೇ. ಕಾಯುವಾಗ ಸ್ಯಾಂಡ್‌ವಿಚ್‌ಗೆ ಒಂದು ಕೂಪನ್ ಕೊಟ್ಟರು. ‘ಅಗ್ಗದ ಟಿಕೆಟ್, ಇಂಡಿಯನ್ ಪಾಸ್‌ಪೋರ್ಟ್ ಬೇರೆ, ಏನೂ ಸಿಗಲ್ಲ ಬಿಡಿ ಅತ್ತೆ’ ಎನ್ನುತ್ತಾರೆ ಅಳಿಯ. ಹೌದಾ?

ಉತ್ತರ: ಅಳಿಯಂದಿರು ಒಳ್ಳೆಯವರೇ ಇರಬಹುದು, ಈ ವಿಷಯದಲ್ಲಿ ಮಾತ್ರ ಅವರ ಮಾತು ಕೇಳಬೇಡಿ. ಲೇಟಾಗಿದ್ದಕ್ಕೆ ಕಾರಣ ಕಂಪನಿಯ ಕೈಮೀರಿದ್ದಲ್ಲ ಎಂದಾದರೆ ನಿಮಗೆ 250, ಯಜಮಾನರಿಗೆ 250, ಒಟ್ಟು 500 ಯೂರೊ ಬರಬೇಕು.

ಯುರೋಪಿಯನ್ ಯೂನಿಯನ್ನಿನಲ್ಲಿ 261/2004 ಅಂತ ಒಂದು ನಿಯಮ ಇದೆ. 2005ರ ಫೆಬ್ರವರಿ 17ರಿಂದ ಜಾರಿಯಲ್ಲಿದೆ. ಅಲ್ಲಿನ ಯಾವ ವಿಮಾನ ನಿಲ್ದಾಣದಿಂದ ಹೊರಟರೂ, ಯಾವ ದೇಶದ ಏರ್‌ಲೈನ್ ಆದರೂ ಅದು ಅನ್ವಯಿಸುತ್ತದೆ. ಹೊರಗಿನಿಂದ ಯೂನಿಯನ್ನಿಗೆ ಬರುವಾಗ ಮಾತ್ರ ಏರ್‌ಲೈನ್ ಅಲ್ಲಿನದೇ ಆಗಿರಬೇಕು. ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್ಲೆಂಡ್‌ಗಳೂ ಇದನ್ನೇ ಪಾಲಿಸುತ್ತವೆ. ಪ್ರಯಾಣಿಕರ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವ ಪ್ರಶ್ನೆಯೇ ಅದರಲ್ಲಿ ಇಲ್ಲ.

ಟಿಕೆಟ್ ಎಷ್ಟಕ್ಕೆ ಕೊಂಡಿರಿ ಅನ್ನುವುದೂ ಇಲ್ಲ. ನೋಡುವುದು ದೂರವನ್ನು. 1500 ಕಿಲೋಮೀಟರ್ ತನಕ 250 ಯೂರೊ. ಯೂನಿಯನ್ನಿನ ಒಳಗೇ ಅದಕ್ಕಿಂತ ಜಾಸ್ತಿ ದೂರ ಹೋದರೆ 400. ಫ್ರಾಂಕ್‌ಫರ್ಟ್‌ನಿಂದ ರೋಮ್ ಸಾವಿರ ಕಿಲೋಮೀಟರ್ ಕೂಡ ಇಲ್ಲ, ಆದ್ದರಿಂದ 250. ಅದೇ ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ಹೋಗಿದ್ದರೆ 400. 60 ಯೂರೊ ಟಿಕೆಟ್ಟಿಗೆ 250 ಯೂರೊ ಪರಿಹಾರ ಅಂದರೆ ಕಂಪನಿಗಳಿಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಇದು ಟಿಕೆಟ್ ಹಣ ವಾಪಸ್ ಕೊಡುವುದಲ್ಲ, ನಿಮ್ಮ ಸಮಯ ಹಾಳು ಮಾಡಿದ್ದಕ್ಕೆ ಕೊಡುವುದು. ಅರವತ್ತು ಕೊಟ್ಟವರ ಮೂರು ಗಂಟೆಯೂ ಆರುನೂರು ಕೊಟ್ಟವರ ಮೂರು ಗಂಟೆಯೂ ಒಂದೇ ಅಲ್ವಾ?

ಇನ್ನೊಂದು ಸ್ವಾರಸ್ಯ ಇದೆ. ಆ ನಿಯಮವನ್ನು ಓದುತ್ತಾ ಹೋದರೆ ವಿಮಾನ ರದ್ದಾದರೆ ಪರಿಹಾರ ಅಂತ ಬರೆದಿದೆ, ಲೇಟಾದರೆ ಹಣ ಕೊಡಿ ಅಂತ ನೇರವಾಗಿ ಎಲ್ಲೂ ಇಲ್ಲ. ಅದನ್ನು ಸೇರಿಸಿದ್ದು ಲಕ್ಸೆಂಬರ್ಗ್‌ನಲ್ಲಿರುವ ಯೂನಿಯನ್ನಿನ ನ್ಯಾಯಾಲಯ, 2009ರ ನವೆಂಬರ್‌ನಲ್ಲಿ. ತಲುಪುವುದು 3 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾದರೆ, ರದ್ದಾದಾಗಿನಷ್ಟೇ ತೊಂದರೆ ಆದಂತೆ, ಅಷ್ಟೇ ಹಣ ಕೊಡಿ ಎಂದಿತು. ಕಂಪನಿಗಳು ಒಪ್ಪದೆ ಮತ್ತೆ ಹೋದವು. 2012ರಲ್ಲಿ ನ್ಯಾಯಾಲಯ ಅದೇ ಮಾತನ್ನು ಮತ್ತೊಮ್ಮೆ ಹೇಳಿ ಕಳಿಸಿತು. ನೀವು ಕೇಳುತ್ತಿರುವುದು ಆ ಹಣವನ್ನೇ.

ಸ್ಯಾಂಡ್‌ವಿಚ್ ಕೂಪನ್ ಲೆಕ್ಕವೇ ಬೇರೆ. 1500 ಕಿಲೋಮೀಟರ್ ಒಳಗಿನ ವಿಮಾನ 2 ಗಂಟೆ ತಡವಾಗಿ ಹೊರಡುವಂತಿದ್ದರೆ ತಿಂಡಿ, ನೀರು, ಎರಡು ಫೋನ್ ಕರೆಯ ವ್ಯವಸ್ಥೆ ಮಾಡುವುದು ಅವರ ಕರ್ತವ್ಯ. ಅದನ್ನು ತಿಂದಿದ್ದಕ್ಕೆ 250ರಲ್ಲಿ ಒಂದು ಸೆಂಟೂ ಕಡಿಯುವಂತಿಲ್ಲ.

ಈಗ ಮಾಡಬೇಕಾದ ಕೆಲಸ. ಕಂಪನಿಯ ವೆಬ್‌ಸೈಟಿನಲ್ಲಿ ದೂರಿನ ಫಾರಂ ಇರುತ್ತದೆ. ಮಗಳ ಹತ್ತಿರ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಸಿ. ಪಿಎನ್‌ಆರ್, ವಿಮಾನದ ನಂಬರ್, ತಾರೀಖು, ಇಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ. ಎಷ್ಟಕ್ಕೆ ತಲುಪಬೇಕಿತ್ತು, ಎಷ್ಟಕ್ಕೆ ತಲುಪಿತು. ‘261/2004ರ 7ನೇ ವಿಧಿಯಂತೆ ತಲಾ 250 ಯೂರೊ, ಒಟ್ಟು 500 ಯೂರೊ ಬ್ಯಾಂಕ್ ಖಾತೆಗೆ ಹಾಕಿ. ಕೊಡುವುದಿಲ್ಲ ಎಂದಾದರೆ ಲೇಟಾಗಲು ನಿಖರ ಕಾರಣವನ್ನೂ, ಅದನ್ನು ತಪ್ಪಿಸಲು ನೀವು ಏನು ಮಾಡಿದಿರಿ ಎಂಬುದನ್ನೂ ತಿಳಿಸಿ.’ ಇಷ್ಟೇ. ಸೊಂಟನೋವು, ಹೋಟೆಲಿನವರು ಬಾಗಿಲು ಹಾಕಿದ್ದು, ರೋಮ್‌ನ ಟ್ಯಾಕ್ಸಿಯವನ ಜಗಳ ಯಾವುದೂ ಬೇಡ. ಉದ್ದ ಪತ್ರ ಬರೆದರೆ ಉತ್ತರ ಕೊಡುವವರಿಗೆ ಜಾರಿಕೊಳ್ಳಲು ಜಾಗ ಸಿಗುತ್ತದೆ.

ಖಾತೆಯ ವಿವರ ಕೇಳುವಲ್ಲಿ ಐಬ್ಯಾನ್ ನಂಬರ್, ಅಂದರೆ ಯುರೋಪಿನ ಬ್ಯಾಂಕುಗಳು ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ಎಂದಿರುತ್ತದೆ. ನಮ್ಮ ಬ್ಯಾಂಕುಗಳಲ್ಲಿ ಅದು ಇಲ್ಲ. ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಮಗಳ ಜರ್ಮನ್ ಖಾತೆಗೆ ಹಾಕಿ ಅಂತ ಇಬ್ಬರೂ ಸಹಿ ಮಾಡಿ ಒಂದು ಒಪ್ಪಿಗೆ ಪತ್ರ ಲಗತ್ತಿಸಿದರೆ ಸುಲಭ.

ಪ್ರಶ್ನೆ: ನಮ್ಮ ವಿಮಾನ ಆಮ್‌ಸ್ಟರ್‌ಡ್ಯಾಂನಲ್ಲಿ ನೆಲ ಮುಟ್ಟಿದಾಗ 2 ಗಂಟೆ 55 ನಿಮಿಷ ಲೇಟ್. ಆಮೇಲೆ ಏಣಿ ಬರಲಿಲ್ಲ ಅಂತ ಒಳಗೇ ಕೂರಿಸಿದರು. ಬಾಗಿಲು ತೆಗೆದಾಗ 3 ಗಂಟೆ 6 ನಿಮಿಷ ಆಗಿತ್ತು. ಕಂಪನಿ ‘3 ಗಂಟೆ ಆಗಿಲ್ಲ’ ಎನ್ನುತ್ತಿದೆ.

ಉತ್ತರ: ನಿಮ್ಮದೇ ಜಗಳವನ್ನು ಇನ್ನೊಬ್ಬರು ಆಗಲೇ ಆಡಿ ಗೆದ್ದಿದ್ದಾರೆ. ಸಾಲ್ಜ್‌ಬರ್ಗ್‌ನಿಂದ ಕೊಲೋನ್–ಬಾನ್‌ಗೆ ಬಂದ ಜರ್ಮನ್‌ವಿಂಗ್ಸ್ ವಿಮಾನ ಅದು. ಚಕ್ರ ರನ್‌ವೇ ಮುಟ್ಟಿದಾಗ 2 ಗಂಟೆ 58 ನಿಮಿಷ ತಡ. ನಿಲ್ಲುವ ಜಾಗಕ್ಕೆ ಬಂದಾಗ 3 ಗಂಟೆ 3 ನಿಮಿಷ. ಬಾಗಿಲು ತೆಗೆದದ್ದು ಅದರ ಸ್ವಲ್ಪ ಹೊತ್ತಿಗೆ. ಐದೇ ನಿಮಿಷದ ಈ ವ್ಯಾಜ್ಯ ಲಕ್ಸೆಂಬರ್ಗ್ ತನಕ ಹೋಯಿತು. ವಿಮಾನದ ಒಂದು ಬಾಗಿಲಾದರೂ ತೆರೆದು, ಪ್ರಯಾಣಿಕರು ಇಳಿಯಬಹುದು ಎಂದಾಗಲೇ ತಲುಪಿದಂತೆ ಎಂದು 2014ರ ಸೆಪ್ಟೆಂಬರ್ 4ರಂದು ನ್ಯಾಯಾಲಯ ಹೇಳಿತು. ಅದು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ವಿಮಾನದೊಳಗೆ ಕೂತಿರುವ ತನಕ ನೀವು ಇಕ್ಕಟ್ಟಿನ ಜಾಗದಲ್ಲಿ, ಇನ್ನೊಬ್ಬರು ಹೇಳಿದಂತೆ ಇರಬೇಕು. ಮನೆಯ ಕೆಲಸವಾಗಲಿ ಆಫೀಸಿನ ಕೆಲಸವಾಗಲಿ ಮಾಡುವಂತಿಲ್ಲ. ಚಕ್ರ ನೆಲಕ್ಕೆ ತಾಗಿದರೂ ನಿಮ್ಮ ಪರಿಸ್ಥಿತಿಯೇನೂ ಬದಲಾಗುವುದಿಲ್ಲ.

ನೆಟ್‌ನಲ್ಲಿ ವಿಮಾನದ ಸಮಯ ತೋರಿಸುವ ತಾಣಗಳಲ್ಲಿ ಸಾಮಾನ್ಯವಾಗಿ ಸಿಗುವುದು ನೆಲ ಮುಟ್ಟಿದ ಹೊತ್ತು, ಇಲ್ಲವೇ ಬಂದು ನಿಂತ ಹೊತ್ತು. ಬಾಗಿಲಿನ ಹೊತ್ತಿಗೆ ನೀವೇ ಸಾಕ್ಷಿ. ಬಾಗಿಲು ತೆಗೆದಾಗ ಒಂದು ಫೋಟೊ ಹೊಡೆದಿದ್ದೀರಾ ನೋಡಿ. ‘ಈಗ ಇಳೀತಿದೀವಿ’ ಅಂತ ಮನೆಯವರಿಗೆ ವಾಟ್ಸ್ಆ್ಯಪ್ ಮಾಡಿದ್ದರೆ ಅದೂ ಆಯಿತು, ಅದರ ಪಕ್ಕದಲ್ಲೇ ಸಮಯ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ಕಳಿಸಿ, 2014ರ ಆ ತೀರ್ಪನ್ನೂ ನೆನಪಿಸಿ.

ಅಂದಹಾಗೆ, ಹೊರಟದ್ದು ಎಷ್ಟು ಲೇಟ್ ಅನ್ನುವುದನ್ನು ಪರಿಹಾರಕ್ಕೆ ಲೆಕ್ಕ ಹಾಕುವುದಿಲ್ಲ. ನಾಲ್ಕು ಗಂಟೆ ತಡವಾಗಿ ಹೊರಟು, ದಾರಿಯಲ್ಲಿ ಹೇಗೋ ಸರಿದೂಗಿಸಿ 2 ಗಂಟೆ 59 ನಿಮಿಷಕ್ಕೆ ಬಾಗಿಲು ತೆಗೆದರೆ ಏನೂ ಇಲ್ಲ.

ಪ್ರಶ್ನೆ: ಬರ್ಲಿನ್‌ನಿಂದ ವಿಯೆನ್ನಾಕ್ಕೆ ಹೋಗುವ ಸಂಜೆಯ ವಿಮಾನ 4 ಗಂಟೆ ಲೇಟ್. ಗೇಟಿನಲ್ಲಿ ‘ಹವಾಮಾನ’ ಎಂದರು. ಆದರೆ ಪಕ್ಕದ ಗೇಟಿನಿಂದ ಬೇರೆ ಕಂಪನಿಯ ವಿಯೆನ್ನಾ ವಿಮಾನ ಸರಿಯಾದ ಹೊತ್ತಿಗೆ ಹೋಯಿತು. ಇಮೇಲ್ ಮಾಡಿದರೆ ‘ತಾಂತ್ರಿಕ ದೋಷ’ ಎಂದರು. ಮತ್ತೆ ಕೇಳಿದರೆ ‘ಅಸಾಧಾರಣ ಪರಿಸ್ಥಿತಿ, ಪರಿಹಾರ ಇಲ್ಲ’ ಎಂದು ಫೈಲ್ ಮುಚ್ಚಿದ್ದಾರೆ. ಮುಂದೆ?

ಉತ್ತರ: ಫೈಲ್ ಮುಚ್ಚಿದ್ದು ಅವರು, ನೀವಲ್ಲ. ಮೊದಲ ‘ಇಲ್ಲ’ವನ್ನು ಕೊನೆಯ ಮಾತು ಎಂದುಕೊಳ್ಳಲೇಬೇಡಿ. ಬಹಳ ಜನ ಅಲ್ಲಿಗೇ ಸುಮ್ಮನಾಗುತ್ತಾರೆ ಅನ್ನುವ ಲೆಕ್ಕಾಚಾರದಲ್ಲೇ ಆ ಇಮೇಲ್ ಬರುವುದು.

ಅಸಾಧಾರಣ ಪರಿಸ್ಥಿತಿ ಅಂದರೆ ಪರಿಹಾರ ಇಲ್ಲ ಅನ್ನುವುದು ನಿಜ. ಆದರೆ ಯಾವುದು ಅಸಾಧಾರಣ ಅಂತ ಹೇಳುವುದು ಕಂಪನಿಯಲ್ಲ, ನ್ಯಾಯಾಲಯ. ಮಾಮೂಲಿ ತಾಂತ್ರಿಕ ದೋಷ ಅಸಾಧಾರಣ ಅಲ್ಲ ಎಂದು 2008ರಲ್ಲೇ ತೀರ್ಮಾನವಾಗಿದೆ. ಬಿಡಿಭಾಗ ಇದ್ದಕ್ಕಿದ್ದಂತೆ ಕೈಕೊಟ್ಟರೂ ಅಷ್ಟೇ ಎಂದು 2015ರಲ್ಲಿ ಹೇಳಿದರು. ವಿಮಾನ ಹಾರಿಸುವುದೇ ಕಸುಬು ಅಂದಮೇಲೆ ವಿಮಾನ ಕೆಡುವುದೂ ಆ ಕಸುಬಿನ ಭಾಗ. ಹಕ್ಕಿ ಬಡಿದರೆ ಅದು ಅಸಾಧಾರಣ, 2017ರ ತೀರ್ಪು. ರನ್‌ವೇ ಮೇಲೆ ಬಿದ್ದಿದ್ದ ಸ್ಕ್ರೂ ಟೈರಿಗೆ ಚುಚ್ಚಿದರೆ ಅದೂ ಅಸಾಧಾರಣ. ಇದು ಡಬ್ಲಿನ್‌ನಿಂದ ಡಸೆಲ್‌ಡಾರ್ಫ್‌ಗೆ ಹೋದ ವಿಮಾನದ ಕೇಸು, 2019ರದ್ದು. ಕಂಪನಿಯ ಸ್ವಂತ ಪೈಲಟ್‌ಗಳು ಸಂಬಳಕ್ಕಾಗಿ ಮುಷ್ಕರ ಮಾಡಿದರೆ ಅಸಾಧಾರಣ ಅಲ್ಲ, 2021. ವಾಯು ಸಂಚಾರ ನಿಯಂತ್ರಣದವರು ಮುಷ್ಕರ ಮಾಡಿದರೆ ಕಂಪನಿ ಏನೂ ಮಾಡುವಂತಿಲ್ಲ, ಅಲ್ಲಿ ನಿಮಗೆ ಹಣ ಸಿಗದು. ಎಲ್ಲಕ್ಕಿಂತ ಕಠಿಣ ಅನಿಸುವುದು 2023ರ ತೀರ್ಪು. ಸ್ಟುಟ್‌ಗಾರ್ಟ್‌ನಿಂದ ಲಿಸ್ಬನ್‌ಗೆ ಹೊರಡಬೇಕಿದ್ದ ವಿಮಾನದ ಸಹ ಪೈಲಟ್ ಬೆಳಿಗ್ಗೆ ಹೋಟೆಲಿನಲ್ಲಿ ತೀರಿಕೊಂಡಿದ್ದರು. ಸಿಬ್ಬಂದಿ ಇದ್ದಕ್ಕಿದ್ದಂತೆ ಇಲ್ಲವಾಗುವುದಕ್ಕೂ ಕಂಪನಿ ತಯಾರಿರಬೇಕು, ಪರಿಹಾರ ಕೊಡಿ ಎಂದಿತು ನ್ಯಾಯಾಲಯ. ನನಗೆ ಆ ಗೇಟಿನಲ್ಲಿ ನಿಂತು ಪ್ರಯಾಣಿಕರಿಗೆ ಉತ್ತರ ಹೇಳಬೇಕಿದ್ದವರ ಬಗ್ಗೆ ಅಯ್ಯೋ ಅನಿಸಿತು. ಆದರೆ ಕಾನೂನಿನ ನಿಲುವು ಇಷ್ಟು ಗಟ್ಟಿ ಅಂತ ನಿಮಗೆ ಗೊತ್ತಿರಲಿ.

ಇನ್ನು ನಿಮ್ಮ ವಿಮಾನ. ಲೇಟಾದ ಪ್ರತಿ ವಿಮಾನಕ್ಕೂ ಎರಡಂಕಿಯ ಒಂದು ಕೋಡ್ ಬೀಳುತ್ತದೆ. ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾದ ಪಟ್ಟಿಯ ಈ ಕೋಡ್‌ಗಳನ್ನು ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. 41 ಅಂದರೆ ವಿಮಾನದಲ್ಲಿ ದೋಷ. 71 ಅಂದರೆ ಹೊರಡುವ ಊರಿನಲ್ಲಿ ಹವಾಮಾನ ಸರಿಯಿಲ್ಲ. 93 ಅಂದರೆ ಇದೇ ವಿಮಾನ ಹಿಂದಿನ ಟ್ರಿಪ್ಪಿನಿಂದ ಲೇಟಾಗಿ ಬಂತು. ಕೌಂಟರಿನಲ್ಲಿ ನಮ್ಮ ಪರದೆಗೆ ಕೋಡ್ ಬರುತ್ತಿತ್ತು. ಮೈಕಿನಲ್ಲಿ ಓದಲು ಕೊಡುತ್ತಿದ್ದದ್ದು ಮಾತ್ರ ‘ಕಾರ್ಯಾಚರಣೆಯ ಕಾರಣಗಳಿಂದ’ ಎಂಬ ಒಂದೇ ವಾಕ್ಯ. ಆ ವಾಕ್ಯಕ್ಕೆ ಯಾವ ಅರ್ಥವೂ ಇಲ್ಲ, ಬೇಕೆಂದೇ ಹಾಗೆ ಇಟ್ಟಿರುತ್ತಾರೆ.

ಸಣ್ಣ ದೂರದ ವಿಮಾನಗಳಲ್ಲಿ 93ರ ಕಾಟ ಜಾಸ್ತಿ. ಒಂದೇ ವಿಮಾನ ಬೆಳಗಿನಿಂದ ರಾತ್ರಿ ತನಕ ನಾಲ್ಕೈದು ಊರು ಸುತ್ತುತ್ತದೆ. ಎರಡು ಟ್ರಿಪ್ಪಿನ ನಡುವೆ ಇಟ್ಟುಕೊಳ್ಳುವುದು ಅರ್ಧ, ಮುಕ್ಕಾಲು ಗಂಟೆ. ಬೆಳಿಗ್ಗೆ ಎಲ್ಲೋ ಮಂಜು ಮುಸುಕಿ ಒಂದು ಗಂಟೆ ಹೋದರೆ, ಅದು ಊರಿಂದ ಊರಿಗೆ ಬೆಳೆಯುತ್ತಾ ಸಂಜೆ ನಿಮ್ಮ ಗೇಟಿಗೆ ಬಂದು ನಿಲ್ಲುತ್ತದೆ. ಆಗ ಗೇಟಿನಲ್ಲಿ ‘ಹವಾಮಾನ’ ಅಂತಾರೆ. ಬರ್ಲಿನ್‌ನಲ್ಲಿ ಬಿಸಿಲು, ಪಕ್ಕದ ವಿಮಾನ ಹಾರಿಹೋಯಿತು ಅಂತ ನೀವು ತಲೆ ಕೆರೆದುಕೊಳ್ಳುತ್ತೀರಿ. ಹಿಂದಿನ ಟ್ರಿಪ್ಪಿನ ಅಸಾಧಾರಣ ಘಟನೆಯನ್ನೂ ಕಂಪನಿ ಹೇಳಬಹುದು, ಆದರೆ ನಿಮ್ಮ ತಡಕ್ಕೆ ಅದೇ ನೇರ ಕಾರಣ ಆಗಿರಬೇಕು ಎಂದು 2020ರ ತೀರ್ಪಿದೆ. ಜೊತೆಗೆ ತಡ ತಪ್ಪಿಸಲು ಸಾಧ್ಯವಿದ್ದದ್ದನ್ನೆಲ್ಲ ಮಾಡಿದ್ದೇವೆ ಎಂದು ತೋರಿಸುವ ಹೊಣೆಯೂ ಕಂಪನಿಯದೇ. ಸಾಬೀತು ಮಾಡಬೇಕಾದವರು ಅವರು, ನೀವಲ್ಲ.

ಆದ್ದರಿಂದ ಮೂರನೇ ಇಮೇಲ್ ಹೀಗಿರಲಿ: ‘ನೀವು ಮೂರು ಬೇರೆ ಬೇರೆ ಕಾರಣ ಕೊಟ್ಟಿದ್ದೀರಿ. ಯಾವುದು ನಿಜ? ಈ ವಿಮಾನದ ಡಿಲೇ ಕೋಡ್ ಏನು? ಅದೇ ದಿನ ಈ ವಿಮಾನ ಹಿಂದೆ ಮಾಡಿದ ಟ್ರಿಪ್ಪುಗಳಲ್ಲಿ ಎಷ್ಟೆಷ್ಟು ತಡವಾಗಿತ್ತು?’ ಪಕ್ಕದ ಗೇಟಿನ ವಿಮಾನದ ನಂಬರನ್ನೂ ಹಾಕಿ. ಕೋಡ್ ಬಗ್ಗೆ ಕೇಳುವ ಪ್ರಯಾಣಿಕರಿಗೆ ಬರುವ ಉತ್ತರದ ಧಾಟಿಯೇ ಬೇರೆ, ಇದು ಒಳಗಿದ್ದು ನೋಡಿದ ಮಾತು. ಆಗಲೂ ಆಗದಿದ್ದರೆ ದೂರು ಕೊಡಲು ಪ್ರತಿ ದೇಶದಲ್ಲೂ ಈ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇದೆ. ಜರ್ಮನಿಯಲ್ಲಿ ನಿಮಗೆ ಸಮಯವೂ ಇದೆ. ಪ್ರಯಾಣ ಮಾಡಿದ ವರ್ಷ ಮುಗಿದ ಮೇಲೆ ಇನ್ನೂ ಮೂರು ವರ್ಷ.

ಪ್ರಶ್ನೆ: ಹಣದ ಬದಲು ಅದಕ್ಕಿಂತ ಜಾಸ್ತಿ ಮೊತ್ತದ ವೋಚರ್ ಕೊಡುತ್ತೇವೆ ಎನ್ನುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ನೀವು ಸಹಿ ಹಾಕಿ ಒಪ್ಪದೆ ಅವರು ವೋಚರ್ ಕೊಡುವಂತಿಲ್ಲ. ಆರು ತಿಂಗಳಲ್ಲಿ ಅದೇ ಕಂಪನಿಯಲ್ಲಿ ಹೋಗುವುದು ಖಾತ್ರಿ ಇದ್ದರೆ ಯೋಚಿಸಿ. ಇಲ್ಲದಿದ್ದರೆ ದುಡ್ಡೇ ದುಡ್ಡು.

ಪ್ರಶ್ನೆ: ಹ್ಯಾಂಬರ್ಗ್‌ನಿಂದ ಫ್ರಾಂಕ್‌ಫರ್ಟ್‌ಗೆ ಬರುವ ವಿಮಾನ ಬರೀ 50 ನಿಮಿಷ ಲೇಟಾಯಿತು. ಅಷ್ಟಕ್ಕೇ ಬೆಂಗಳೂರಿನ ವಿಮಾನ ತಪ್ಪಿ, ಮನೆ ಸೇರುವಾಗ ಒಂದು ದಿನ ತಡವಾಯಿತು. 50 ನಿಮಿಷಕ್ಕೆ ಏನು ಕೇಳುವುದು?

ಉತ್ತರ: 600 ಯೂರೊ ಕೇಳುವುದು! ಎರಡೂ ಒಂದೇ ಬುಕಿಂಗ್‌ನಲ್ಲಿ ಇದ್ದರೆ, ನೋಡಬೇಕಾದದ್ದು ಕೊನೆಯ ಊರಿಗೆ ಎಷ್ಟು ತಡವಾಗಿ ತಲುಪಿದಿರಿ ಅನ್ನುವುದನ್ನು. 2013ರ ಒಂದು ತೀರ್ಪಿನಲ್ಲಿ ಬ್ರೆಮೆನ್‌ನಿಂದ ಪ್ಯಾರಿಸ್‌ಗೆ ಹೊರಟ ಸಣ್ಣ ವಿಮಾನ ಎರಡೂವರೆ ಗಂಟೆ ತಡವಾಗಿ, ಆ ಪ್ರಯಾಣಿಕರು ಪರಾಗ್ವೆಯ ಅಸುನ್ಸಿಯೋನ್ ಸೇರುವಾಗ 11 ಗಂಟೆ ತಡವಾಗಿತ್ತು. ಪರಿಹಾರ ಕೊಡಿ ಎಂದರು. ದೂರವನ್ನೂ ಹ್ಯಾಂಬರ್ಗ್‌ನಿಂದ ಬೆಂಗಳೂರಿಗೇ ಹಿಡಿಯುತ್ತಾರೆ. ಅದು 3500 ಕಿಲೋಮೀಟರ್ ಮೀರುವುದರಿಂದ 600. ಎರಡು ಟಿಕೆಟ್ ಬೇರೆ ಬೇರೆಯಾಗಿ, ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡಿದ್ದರೆ ಮಾತ್ರ ಏನೂ ಬರುವುದಿಲ್ಲ. ಪಿಎನ್‌ಆರ್ ಒಂದೇ ಇದೆಯಾ ನೋಡಿಕೊಳ್ಳಿ.

ಪ್ರಶ್ನೆ: 3 ಗಂಟೆ ಇದ್ದದ್ದು 4 ಗಂಟೆ ಆಗಿದೆಯಂತೆ?

ಉತ್ತರ: 3500 ಕಿಲೋಮೀಟರ್ ತನಕ 4 ಗಂಟೆ ತಡಕ್ಕೆ 300 ಯೂರೊ ಎಂದು ಮಾಡೋಣ ಅಂತ ಯೂನಿಯನ್ನಿನ ಸಾರಿಗೆ ಸಚಿವರು 2025ರ ಜೂನ್‌ನಲ್ಲಿ ಒಪ್ಪಿದರು. ಅದು ಕಾನೂನಾಗಲು ಯುರೋಪಿಯನ್ ಪಾರ್ಲಿಮೆಂಟೂ ಒಪ್ಪಬೇಕು. ನಿಮಗೆ ಲೆಕ್ಕ, ನೀವು ಪ್ರಯಾಣ ಮಾಡಿದ ದಿನ ಜಾರಿಯಲ್ಲಿದ್ದ ನಿಯಮ.

ಪ್ರಶ್ನೆ: ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದೇನೆ. ಬ್ರಿಟನ್ ಯೂನಿಯನ್ ಬಿಟ್ಟಾಯಿತಲ್ಲ, ನನಗೆ ಏನೂ ಇಲ್ವಾ?

ಉತ್ತರ: ಇದೆ. ಬ್ರಿಟನ್ ಹೊರಬಂದರೂ ಈ ನಿಯಮವನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡಿದೆ. ಯೂರೊ ಬದಲು ಪೌಂಡ್, ಸಣ್ಣ ದೂರಕ್ಕೆ 220. ಇಂಗ್ಲೆಂಡಿನಲ್ಲಿ 6 ವರ್ಷದ ತನಕ ಕೇಳಬಹುದು, ಸ್ಕಾಟ್ಲೆಂಡಿನಲ್ಲಿ 5. ಓದು ಶುರುವಾದಾಗಿನ ಹಳೇ ಪ್ರಯಾಣಗಳನ್ನೂ ಒಮ್ಮೆ ಇಮೇಲ್‌ನಲ್ಲಿ ಹುಡುಕಿ ನೋಡಿ.

ಪ್ರಶ್ನೆ: ಬೆಂಗಳೂರು–ಮಂಗಳೂರು ವಿಮಾನ 4 ಗಂಟೆ ಲೇಟ್. ಕಂಪನಿ 10 ಸಾವಿರ ಕೊಡಬೇಕು ಅಂತ ಫಾರ್ವರ್ಡ್ ಮೆಸೇಜ್ ಬಂದಿದೆ. ಕೌಂಟರಿನಲ್ಲಿ ತೋರಿಸಿದರೆ ನಕ್ಕರು.

ಉತ್ತರ: ನಗಬಾರದಿತ್ತು. ಆದರೆ ಆ ಮೆಸೇಜ್ ಅರ್ಧ ಮಾತ್ರ ನಿಜ. ನಮ್ಮಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಮಾಡಿದ ನಿಯಮದಲ್ಲಿ 5,000, 7,500, 10,000 ರೂಪಾಯಿಯ ಲೆಕ್ಕ ಇರುವುದು ಸರಿಯಾಗಿ ಮುಂಚೆ ತಿಳಿಸದೆ ವಿಮಾನ ರದ್ದು ಮಾಡಿದ್ದಕ್ಕೆ. ಅದೂ ಒಂದು ಗಂಟೆ ತನಕದ ಹಾರಾಟಕ್ಕೆ 5,000, ಎರಡು ಗಂಟೆ ತನಕ 7,500, ಅದಕ್ಕೂ ಮೇಲೆ 10,000. ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಲೇಟಾದರೆ ಹಣ ಇಲ್ಲ. ನಿಮ್ಮಂಥ ಸಣ್ಣ ಪ್ರಯಾಣಕ್ಕೆ 2 ಗಂಟೆ ಮೀರಿದರೆ ಊಟ ತಿಂಡಿ. 6 ಗಂಟೆ ಮೀರುವಂತಿದ್ದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್, ಆಯ್ಕೆ ನಿಮ್ಮದು. ರಾತ್ರಿ 8ರಿಂದ ಬೆಳಗಿನ ಜಾವ 3ರ ಒಳಗೆ ಹೊರಡಬೇಕಿದ್ದ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೆ ಹೋಟೆಲ್. ಯುರೋಪಿನವರಿಗೆ 3 ಗಂಟೆಗೆ ಬೆಲೆ ಇದೆ, ನಮ್ಮ 4 ಗಂಟೆಗೆ ಇಡ್ಲಿ ವಡೆ. ನನಗೂ ಇದು ಸರಿ ಕಾಣುವುದಿಲ್ಲ.

ಆದರೆ ತಡದಿಂದ ನಿಜವಾಗಿ ಕೈಯಿಂದ ದುಡ್ಡು ಹೋಗಿದ್ದರೆ ಗ್ರಾಹಕ ಆಯೋಗದ ದಾರಿ ಇದೆ. ರೈಲಿನ ಒಂದು ಕೇಸು ನೆನಪಾಗುತ್ತದೆ. ಅಜ್ಮೀರ್–ಜಮ್ಮು ರೈಲು ಸುಮಾರು 4 ಗಂಟೆ ತಡವಾಗಿ, ಒಂದು ಕುಟುಂಬಕ್ಕೆ ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ವಿಮಾನ ತಪ್ಪಿತು. ಅವರು ಟ್ಯಾಕ್ಸಿ ಮಾಡಿಕೊಂಡು ಹೋದರು. ತಡಕ್ಕೆ ಕಾರಣ ವಿವರಿಸಲು ರೈಲ್ವೆಗೆ ಆಗಲಿಲ್ಲ. ಟ್ಯಾಕ್ಸಿಗೆ 15 ಸಾವಿರ, ಕಾದಿರಿಸಿದ ವಾಸ್ತವ್ಯ ತಪ್ಪಿದ್ದಕ್ಕೆ 10 ಸಾವಿರ, ಮನಸ್ಸಿಗೆ ಆದ ನೋವಿಗೂ ಕೇಸಿನ ಖರ್ಚಿಗೂ ತಲಾ 5 ಸಾವಿರ ಕೊಡಬೇಕೆಂಬ ಆದೇಶವನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗೆಲ್ಲಿಸಿದ್ದು ರಸೀದಿಗಳು. ನಿಮ್ಮ ಹತ್ತಿರವೂ ಅಂಥವು ಇದ್ದರೆ ನೀವಿರುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಹಾಕಬಹುದು. ವಕೀಲರು ಬೇಕೇ ಬೇಕೆಂದಿಲ್ಲ. ಟಿಕೆಟ್ಟಿಗೆ ಕೊಟ್ಟದ್ದು 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಪ್ರಶ್ನೆ: ಪರಿಹಾರ ಕೊಡಿಸುತ್ತೇವೆ ಎನ್ನುವ ಏಜೆನ್ಸಿಗಳಿಗೆ ಒಪ್ಪಿಸಬಹುದಾ? ಮತ್ತೆ, ನಮ್ಮ ಮಗುವಿಗೂ ಕೇಳಬಹುದಾ?

ಉತ್ತರ: ಗೆದ್ದರೆ ಕಾಲು ಭಾಗಕ್ಕೂ ಜಾಸ್ತಿ ಅವರೇ ಇಟ್ಟುಕೊಳ್ಳುವುದುಂಟು. ನಾಲ್ಕು ಸಾಲಿನ ಇಮೇಲಿಗೆ ಅಷ್ಟು ಕೊಡುವುದು ಯಾಕೆ? ಮೊದಲು ನೀವೇ ಬರೆಯಿರಿ, ಎರಡು ತಿಂಗಳು ನೋಡಿ. ಕೋರ್ಟಿಗೆ ಹೋಗುವ ಹಂತ ಬಂದು, ನಿಮಗೆ ಓಡಾಡಲು ಆಗದಿದ್ದರೆ ಆಗ ಅವರ ಹತ್ತಿರ ಹೋಗಿ. ಮಗುವಿಗೆ ಟಿಕೆಟ್ ಕೊಂಡು ಸೀಟು ತಗೊಂಡಿದ್ದರೆ ಅದಕ್ಕೂ ಪೂರ್ತಿ 250, ಮಕ್ಕಳಿಗೆ ಅರ್ಧ ಅಂತೇನೂ ಇಲ್ಲ. ಪುಕ್ಕಟೆಯಾಗಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗಿದ್ದರೆ ಇಲ್ಲ. ಫಾರಂನಲ್ಲಿ ಮಗುವಿನ ಹೆಸರು ಸೇರಿಸುವುದನ್ನು ಮರೆಯಬೇಡಿ, ಆಮೇಲೆ ಸೇರಿಸಲು ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ.